ನಡುರಾತ್ರಿ ಢಂ ಅಂದದ್ದು ಏನು?

ಅಮೆರಿಕದ ಚಳಿಯಲ್ಲಿ ಗರಾಜ್ ಬಾಗಿಲು ಕೈಕೊಟ್ಟರೆ ಎಲ್ಲರ ಕಣ್ಣೂ ಮೋಟರಿನ ಮೇಲೆ. ಆದರೆ ಬಾಗಿಲಿನ ಭಾರ ಹೊರುವುದು ಅದರ ನೆತ್ತಿಯಲ್ಲಿ ಕೂತ ಉಕ್ಕಿನ ಸುರುಳಿ. ಅದು ಯಾಕೆ ಮುರಿಯುತ್ತದೆ? ಬದಲಿಸುವುದು ಹೇಗೆ? ಎಲ್ಲಿ ಕೈ ಹಾಕಬಹುದು, ಎಲ್ಲಿ ಬೇಡ?

ಮಿಷಿಗನ್ ರಾಜ್ಯದ ನೋವೈ ಪಟ್ಟಣ, ಸಂಕ್ರಾಂತಿಯ ಹಿಂದಿನ ರಾತ್ರಿ ಎಂದಿಟ್ಟುಕೊಳ್ಳಿ. ಹೊರಗೆ ಹಿಮ ಗಟ್ಟಿ ಕಟ್ಟಿದೆ. ಮಂಡ್ಯದಿಂದ ಮಗನ ಮನೆಗೆ ಬಂದಿರುವ ಅಮ್ಮ ಎಳ್ಳು, ಬೆಲ್ಲ, ಕೊಬ್ಬರಿ ಬೆರೆಸಿ, ಸಕ್ಕರೆ ಅಚ್ಚುಗಳನ್ನು ಡಬ್ಬಿಗೆ ಜೋಡಿಸಿಟ್ಟು ಮಲಗಿದ್ದಾರೆ. ರಾತ್ರಿ ಎರಡರ ಹೊತ್ತಿಗೆ ಢಂ! ಗೋಡೆಯೇ ಅದುರಿದಂಥ ಸದ್ದು.

“ಏನ್ಲಾ ಮಗಾ ಅದು, ಯಾರಾದ್ರೂ ಬಂದೂಕ ಹಾರ್ಸುದ್ರಾ?”

“ಏನಿಲ್ಲ ಕಣಮ್ಮ, ಮೇಲಿಂದ ಐಸ್ ಬಿದ್ದಿರ್ಬೇಕು. ಮಲಕ್ಕೊ.”

ಬೆಳಗ್ಗೆ ಕನ್ನಡ ಕೂಟದ ಹಬ್ಬಕ್ಕೆ ಹೊರಡುವ ಗಡಿಬಿಡಿ. ಮಗ ಗುಂಡಿ ಒತ್ತಿದ. ಮೋಟರ್ ಗುರ್ರೆಂದಿತು. ಬಾಗಿಲು ನಾಲ್ಕು ಬೆರಳು ಮೇಲೆದ್ದು ನಿಂತಿತು. ಮತ್ತೆ ಒತ್ತಿದ, ಮತ್ತೆ ಅದೇ ಪಾಡು. “ಬುಡು, ನಾನೂ ಕೈ ಕೊಡ್ತೀನಿ” ಎಂದು ಅಪ್ಪ ಬಂದರು. ಹೊಲದಲ್ಲಿ ಮೂಟೆ ಹೊತ್ತ ಬೆನ್ನು ಅವರದು. ಇಬ್ಬರೂ ಬಗ್ಗಿ ಎಳೆದರೂ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ನಿನ್ನೆ ಸಂಜೆ ಇದೇ ಬಾಗಿಲನ್ನು ಎಂಟು ವರ್ಷದ ಮೊಮ್ಮಗಳು ಒಂದು ಬೆರಳಲ್ಲಿ ತೆರೆದಿದ್ದಳು.

ಮೋಟರ್ ಕೆಟ್ಟಿಲ್ಲ. ತಲೆಯೆತ್ತಿ ನೋಡಿದರೆ ಕಾರಣ ಕಾಣುತ್ತದೆ. ಬಾಗಿಲ ಚೌಕಟ್ಟಿನ ಮೇಲೆ, ಅಡ್ಡ ಸರಳಿನಲ್ಲಿ ಪೋಣಿಸಿದ ದಪ್ಪ ಸ್ಪ್ರಿಂಗ್ ಒಂದು ಕಡೆ ತುಂಡಾಗಿದೆ. ಎರಡು ತುಂಡುಗಳ ನಡುವೆ ಎರಡು ಇಂಚಿನಷ್ಟು ಸಂದು. ರಾತ್ರಿಯ ಬಂದೂಕು ಅದೇ.

ಏತದ ಕಲ್ಲು, ಉಕ್ಕಿನ ಸುರುಳಿ

ಎರಡು ಕಾರು ನಿಲ್ಲುವಷ್ಟು ಅಗಲದ, 16 ಅಡಿಯ ಉಕ್ಕಿನ ಬಾಗಿಲು ಸುಮಾರು 70ರಿಂದ 110 ಕಿಲೋ ತೂಗುತ್ತದೆ. ಮರದ್ದಾದರೆ 150 ಕಿಲೋ ದಾಟುವುದೂ ಉಂಟು. ಮನೆಗಳಲ್ಲಿರುವ ಮೋಟರಿನ ಶಕ್ತಿ ಸಾಮಾನ್ಯವಾಗಿ ಅರ್ಧ ಹಾರ್ಸ್‌ಪವರ್. ಇಡೀ ಬಾಗಿಲನ್ನು ಹೊರುವುದು ಅದರ ಕೆಲಸವೇ ಅಲ್ಲ. ಆಗಲೇ ಹಗುರವಾಗಿರುವ ಬಾಗಿಲನ್ನು ಮೇಲಕ್ಕೆ ತಳ್ಳಿ, ಕೆಳಕ್ಕೆ ಎಳೆದರೆ ಅದರ ಪಾಲಿನ ಕೆಲಸ ಮುಗಿಯಿತು.

ಹಗುರ ಮಾಡುವ ಉಪಾಯ ನಮ್ಮ ಹಳೆಯ ಬಾವಿಗಳಲ್ಲಿತ್ತು. ಏತದ ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ಕಲ್ಲು. ನೀರು ತುಂಬಿದ ಬಾನಿಯನ್ನು ಮೇಲೆತ್ತುವಾಗ ಅರ್ಧ ಕೆಲಸ ಆ ಕಲ್ಲಿನದೇ. ಗರಾಜ್ ಬಾಗಿಲಲ್ಲಿ ಕಲ್ಲಿನ ಜಾಗದಲ್ಲಿ ಸ್ಪ್ರಿಂಗ್ ಇದೆ. ಆದರೆ ಕಲ್ಲಿನ ಕೈಲಾಗದ ಒಂದು ಕೆಲಸವನ್ನು ಸ್ಪ್ರಿಂಗ್ ಮಾಡುತ್ತದೆ. ನನ್ನ ಪ್ರಕಾರ ಈ ಇಡೀ ಯಂತ್ರದಲ್ಲಿ ಮೆಚ್ಚಬೇಕಾದದ್ದು ಅದೊಂದೇ.

ಗರಾಜ್ ಬಾಗಿಲು ಒಂದೇ ಹಲಗೆಯಲ್ಲ. ನಾಲ್ಕೈದು ಅಡ್ಡ ಪಟ್ಟಿಗಳನ್ನು ಕೀಲು ಹಾಕಿ ಜೋಡಿಸಿರುತ್ತಾರೆ. ಪಕ್ಕದ ಗಾಲಿಗಳು ಹಳಿಯೊಳಗೆ ಓಡುತ್ತವೆ. ಬಾಗಿಲು ಮೇಲೇರಿದಂತೆ ಒಂದೊಂದೇ ಪಟ್ಟಿ ಮೂಲೆ ತಿರುಗಿ ಮಾಳಿಗೆಗೆ ಸಮನಾಗಿ ಮಲಗುತ್ತದೆ. ಮಲಗಿದ ಪಟ್ಟಿಯ ಭಾರ ಹಳಿಯ ಮೇಲೆ. ಹಾಗಾಗಿ ಕೆಳಗಿರುವಾಗ 80 ಕಿಲೋ ತೂಗುವ ಬಾಗಿಲು ಅರ್ಧ ಏರಿದಾಗ 40 ಕಿಲೋ ಇದ್ದಂತೆ, ಪೂರ್ತಿ ಏರಿದಾಗ ತೂಗುವುದೇ ಇಲ್ಲ ಎನ್ನುವಂತೆ.

ಏತದ ಕಲ್ಲಿಗೆ ಹೀಗೆ ಹಗುರಾಗಲು ಬರುವುದಿಲ್ಲ. ಸ್ಪ್ರಿಂಗಿಗೆ ಬರುತ್ತದೆ. ಎಷ್ಟು ಸುತ್ತಿದ್ದೀರೋ ಅಷ್ಟು ಬಲ, ಎಷ್ಟು ಬಿಚ್ಚಿಕೊಂಡಿತೋ ಅಷ್ಟು ಕಡಿಮೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಇದೇ. ಸರಳಿನ ಎರಡೂ ತುದಿಯಲ್ಲಿ ನಾಲ್ಕು ಇಂಚು ವ್ಯಾಸದ ಡ್ರಮ್‌ಗಳಿವೆ. ಅವುಗಳಿಂದ ಇಳಿದ ಉಕ್ಕಿನ ಕೇಬಲ್ಲುಗಳು ಬಾಗಿಲಿನ ಕೆಳಮೂಲೆಗಳನ್ನು ಹಿಡಿದಿವೆ. ಬಾಗಿಲು ಏರುವಾಗ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ, ಕೇಬಲ್ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ. ಬಾಗಿಲಿನ ಭಾರ ಇಳಿದ ಲೆಕ್ಕದಲ್ಲೇ ಸ್ಪ್ರಿಂಗಿನ ಬಲವೂ ಇಳಿಯುತ್ತದೆ. ಸರಿಯಾಗಿ ಕೂರಿಸಿದ ಬಾಗಿಲನ್ನು ಯಾವ ಎತ್ತರದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವುದು ಇದರಿಂದ.

ಇದು ಅಮೆರಿಕದವರ ಸೊತ್ತೇನಲ್ಲ. ಚಿಕ್ಕಪೇಟೆಯ ಅಂಗಡಿಯವರು ಬೆಳಗ್ಗೆ ಬೀಗ ತೆಗೆದು ಒಂದೇ ಸಲಕ್ಕೆ ಮೇಲೆ ನೂಕುವ ರೋಲಿಂಗ್ ಶಟರ್ ನೆನಪಿಸಿಕೊಳ್ಳಿ. ಮೇಲಿನ ಪೈಪಿನಲ್ಲಿ ಸ್ಪ್ರಿಂಗ್ ಇರುತ್ತದೆ. ಅದು ಸಡಿಲವಾದ ಅಂಗಡಿಯನ್ನು ದೂರದಿಂದಲೇ ಗುರುತಿಸಬಹುದು: ಯಜಮಾನರು ಒಂದು ಕಡೆ, ಪಕ್ಕದಂಗಡಿ ಹುಡುಗ ಇನ್ನೊಂದು ಕಡೆ, ಕೊಕ್ಕೆ ಕೋಲು ಹಾಕಿ ಜಗ್ಗುತ್ತಿರುತ್ತಾರೆ.

> ಸುರುಳಿಯಲ್ಲಿ ಎಷ್ಟು ಶಕ್ತಿ?
> 7 ಅಡಿ ಎತ್ತರದ, 80 ಕಿಲೋ ತೂಕದ ಬಾಗಿಲು ಮುಚ್ಚಿದಾಗ ಅದರ ಸ್ಪ್ರಿಂಗ್‌ಗಳಲ್ಲಿ ಒಟ್ಟು 800 ಜೂಲ್‌ಗಿಂತ ಹೆಚ್ಚು ಶಕ್ತಿ ಕೂಡಿರುತ್ತದೆ. 8 ಕಿಲೋ ಕಲ್ಲು 10 ಮೀಟರ್ ಎತ್ತರದಿಂದ ಬಿದ್ದು ನೆಲಕ್ಕೆ ಬಡಿಯುವಾಗ ಇರುವ ಶಕ್ತಿಯೂ ಸುಮಾರು ಇಷ್ಟೇ.

ಡೆಟ್ರಾಯ್ಟಿನಲ್ಲೇ ಹುಟ್ಟಿದ್ದು

ನೋವೈ ಪಟ್ಟಣ ಡೆಟ್ರಾಯ್ಟಿನ ಹೊರವಲಯದಲ್ಲಿದೆ. ಅಲ್ಲಿನ ಕನ್ನಡಿಗರ ಸಂಘ ‘ಪಂಪ ಕನ್ನಡ ಕೂಟ’. ಮೇಲಕ್ಕೆ ಎದ್ದು ಮಲಗುವ ಈ ಬಾಗಿಲು ಬಂದದ್ದೂ ಡೆಟ್ರಾಯ್ಟಿನಿಂದಲೇ.

ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರನ್ನು ಬಿಟ್ಟಾಗ ಜನರಿಗೆ ಅದನ್ನು ನಿಲ್ಲಿಸಲು ಇದ್ದ ಜಾಗ ಕುದುರೆಗಾಡಿಯ ಕೊಟ್ಟಿಗೆ. ಅದಕ್ಕೆ ಹೊರಕ್ಕೆ ತೆರೆಯುವ ಜೋಡಿ ಬಾಗಿಲು. ಚಳಿಗಾಲದಲ್ಲಿ ಬಾಗಿಲ ಮುಂದೆ ಹಿಮ ರಾಶಿ ಬಿದ್ದರೆ ಮೊದಲು ಸಲಿಕೆ, ಆಮೇಲೆ ಕಾರು. 1921ರಲ್ಲಿ ಡೆಟ್ರಾಯ್ಟಿನಲ್ಲಿ ಸಿ. ಜಿ. ಜಾನ್ಸನ್ ಎಂಬಾತ ಮೇಲಕ್ಕೆ ಏರುವ ಬಾಗಿಲನ್ನು ಮಾಡಿದ. ಅದರ ಪುಟ್ಟ ಮಾದರಿಯೊಂದನ್ನು ತನ್ನ ಮಾಡೆಲ್ ಟಿ ಕಾರಿನ ಹಿಂಬದಿಗೆ ಕಟ್ಟಿಕೊಂಡು, ಹೆಂಡತಿಯನ್ನೂ ಕೂರಿಸಿಕೊಂಡು ಊರೂರು ತಿರುಗಿ ಮಾರಾಟಗಾರರನ್ನು ಹುಡುಕಿದ. 1926ರಲ್ಲಿ ವಿದ್ಯುತ್ತಿನಿಂದ ಬಾಗಿಲು ತೆರೆಯುವ ಯಂತ್ರವನ್ನೂ ತಂದ. ಅವನು ಕಟ್ಟಿದ ಓವರ್‌ಹೆಡ್ ಡೋರ್ ಕಂಪನಿ ಇಂದಿಗೂ ಇದೆ.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಉಪನಗರಗಳು ಹಬ್ಬಿದವು. ಹಿತ್ತಲಲ್ಲಿದ್ದ ಗರಾಜ್ ಮನೆಗೇ ಅಂಟಿಕೊಂಡು ಮುಂದಕ್ಕೆ ಬಂತು. ಈಗಂತೂ ಎಷ್ಟೋ ಮನೆಗಳಲ್ಲಿ ಮುಂಬಾಗಿಲು ಇರುವುದು ನೆಂಟರಿಗೆ, ಹಬ್ಬದ ತೋರಣಕ್ಕೆ ಮಾತ್ರ. ಮನೆಯವರು ಓಡಾಡುವುದೆಲ್ಲ ಗರಾಜಿನಿಂದ. ಆ ಅಭ್ಯಾಸವೇ ಸ್ಪ್ರಿಂಗಿನ ಆಯುಷ್ಯಕ್ಕೆ ಕತ್ತರಿ.

ಹತ್ತು ಸಾವಿರಕ್ಕೆ ಮುಗಿಯುವ ಬಾಳು

ಮನೆಯ ಗರಾಜ್ ಬಾಗಿಲಿಗೆ ಹಾಕುವ ಸಾಮಾನ್ಯ ಸ್ಪ್ರಿಂಗನ್ನು 10,000 ಆವರ್ತಗಳಿಗೆ ಲೆಕ್ಕ ಹಾಕಿ ಮಾಡುತ್ತಾರೆ. ಒಮ್ಮೆ ತೆರೆದು ಒಮ್ಮೆ ಮುಚ್ಚಿದರೆ ಒಂದು ಆವರ್ತ. ದಿನಕ್ಕೆ ನಾಲ್ಕು ಸಲವಾದರೆ ವರ್ಷಕ್ಕೆ 1,460. ಏಳು ವರ್ಷ ತುಂಬುವ ಮೊದಲೇ ಲೆಕ್ಕ ಚುಕ್ತಾ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ, ಮಕ್ಕಳು ಸೈಕಲ್ಲು ತೆಗೆದು ಇಟ್ಟು, ಕಸದ ಡಬ್ಬಿಯೂ ಅಲ್ಲಿಂದಲೇ ಹೊರಗೆ ಹೋಗುವ ಮನೆಯಲ್ಲಿ ದಿನಕ್ಕೆ ಎಂಟು ಸಲ ಸಲೀಸು. ಅಲ್ಲಿಗೆ ಮೂರೂವರೆ ವರ್ಷ.

ಬಾಗಿಲ ಮೇಲಿರುವ ಈ ಬಗೆಯ ಟಾರ್ಷನ್ ಸ್ಪ್ರಿಂಗನ್ನು ಸುತ್ತುವಾಗ ಅದರ ತಂತಿ ಪ್ರತಿ ಸುರುಳಿಯಲ್ಲೂ ಬಾಗುತ್ತದೆ. ಬಾಗಿದ ತಂತಿಯ ಹೊರಮೈ ಒಳಮೈಗಳ ಮೇಲೆ ಒತ್ತಡ ಅತಿ ಹೆಚ್ಚು. ತುಕ್ಕಿನ ಒಂದು ಚುಕ್ಕೆ, ಒಂದು ಗೀರು ಸಾಕು, ಅಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಸಾವಿರಾರು ಸಲ ಬಾಗಿ ನೆಟ್ಟಗಾಗುವಾಗ ಆ ಬಿರುಕು ಒಳಗೊಳಗೇ ಬೆಳೆಯುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿ ಇದ್ದಂತೆಯೇ.

ಮುರಿಯುವುದು ರಾತ್ರಿ ಯಾಕೆ, ಚಳಿಯಲ್ಲೇ ಯಾಕೆ? ಬಾಗಿಲು ಮುಚ್ಚಿದ್ದಾಗ ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಒತ್ತಡ ಆಗಲೇ. ರಾತ್ರಿಯಿಡೀ ಬಾಗಿಲು ಮುಚ್ಚಿಯೇ ಇರುತ್ತದೆ. ಜನವರಿಯಲ್ಲಿ ಡೆಟ್ರಾಯ್ಟಿನ ಸುತ್ತ ಪಾದರಸ ಸೊನ್ನೆಗಿಂತ ಎಷ್ಟೋ ಕೆಳಕ್ಕೆ ಇಳಿಯುತ್ತದೆ. ಆ ಚಳಿಯಲ್ಲಿ ಉಕ್ಕು ಬಿರುಕನ್ನು ತಡೆದುಕೊಳ್ಳುವ ಶಕ್ತಿಯನ್ನು ಒಂದಿಷ್ಟು ಕಳೆದುಕೊಳ್ಳುತ್ತದೆ, ಗ್ರೀಸು ಗಟ್ಟಿಯಾಗುತ್ತದೆ. ಹಾಗೆಂದು ಚಳಿಯೊಂದೇ ಸ್ಪ್ರಿಂಗನ್ನು ಕೊಲ್ಲುವುದಿಲ್ಲ. ಬಿರುಕು ಹೊತ್ತು ಕಾಯುತ್ತಿದ್ದುದಕ್ಕೆ ಅದು ಕೊನೆಯ ತಳ್ಳು ಕೊಡುತ್ತದೆ, ಅಷ್ಟೇ.

ಸರಳಿಗೆ ಪೋಣಿಸಿದ ಸ್ಪ್ರಿಂಗ್ ಮುರಿದರೆ ತುಂಡುಗಳು ಅದರಲ್ಲೇ ಉಳಿಯುತ್ತವೆ. ಸದ್ದು ಜೋರು, ಅಪಾಯ ಕಡಿಮೆ. ಹಳೆಯ ಮನೆಗಳಲ್ಲಿ ಇನ್ನೊಂದು ಬಗೆ ಕಾಣಸಿಗುತ್ತದೆ: ಮಾಳಿಗೆಯ ಹಳಿಗಳ ಪಕ್ಕಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ಸ್ಪ್ರಿಂಗ್. ಅದು ತುಂಡಾದರೆ ಚಾಟಿಯೇಟೇ ಸರಿ. ಕಾರಿನ ಗಾಜು, ಗೋಡೆ, ಮನುಷ್ಯ ಯಾವುದನ್ನೂ ನೋಡುವುದಿಲ್ಲ. ಅದಕ್ಕೇ ಅದರ ಹೊಟ್ಟೆಯೊಳಗಿಂದ ಒಂದು ಸುರಕ್ಷಾ ಕೇಬಲ್ ಹಾಯಿಸಿ ಎರಡೂ ತುದಿಗೆ ಬಿಗಿಯುತ್ತಾರೆ. ಮಗನೋ ಮಗಳೋ ಹಳೆಯ ಮನೆ ಕೊಂಡಿದ್ದರೆ ಆ ಕೇಬಲ್ ಇದೆಯೇ ಎಂದು ಇವತ್ತೇ ಕೇಳಿ. ಇಲ್ಲದಿದ್ದರೆ ಹಾಕಿಸಲಿ.

ಬದಲಿಸುವವರ ಕೈಚಳಕ

ರಿಪೇರಿಯವರು ಬಂದಾಗ ನಿಂತು ನೋಡುವುದು ಒಳ್ಳೆಯ ಪಾಠ. ಒಳ್ಳೆಯ ಕೆಲಸಗಾರ ಏಣಿ ಹತ್ತುವ ಮೊದಲು ಮೋಟರಿನ ಪ್ಲಗ್ ಕೀಳುತ್ತಾನೆ. ಬಾಗಿಲು ಪೂರ್ತಿ ಮುಚ್ಚಿರಬೇಕು. ಹಳಿಯಲ್ಲಿ ಗಾಲಿಯ ಸ್ವಲ್ಪ ಮೇಲೆ ಲಾಕಿಂಗ್ ಪ್ಲೈಯರ್ ಕಚ್ಚಿಸುತ್ತಾನೆ. ಹೊಸ ಸ್ಪ್ರಿಂಗ್ ಬಲ ಪಡೆದಾಗ ಬಾಗಿಲು ತಾನೇ ಮೇಲೇಳಬಾರದಲ್ಲ, ಅದಕ್ಕೆ.

ಎರಡು ಸ್ಪ್ರಿಂಗ್ ಇರುವ ಬಾಗಿಲಲ್ಲಿ ಒಂದು ಮುರಿದಿದ್ದರೂ ಇನ್ನೊಂದು ಇನ್ನೂ ಬಿಗಿಯಾಗಿಯೇ ಇರುತ್ತದೆ. ಆ ಬಿಗಿಯನ್ನು ಮೊದಲು ಇಳಿಸಬೇಕು. ಸ್ಪ್ರಿಂಗಿನ ಹೊರತುದಿಗೆ ಕೂರಿಸಿದ ಲೋಹದ ಬಿಲ್ಲೆ, ಅಂದರೆ ಕೋನಿನಲ್ಲಿ ನಾಲ್ಕು ತೂತುಗಳಿವೆ. ಅದಕ್ಕೆ ಸರಿಹೊಂದುವ, ಹದಿನೆಂಟು ಇಂಚು ಉದ್ದದ ಎರಡು ಉಕ್ಕಿನ ಸಲಾಕೆಗಳು ಕೆಲಸಗಾರನ ಆಯುಧ. ಒಂದನ್ನು ತೂತಿನ ತಳ ಮುಟ್ಟುವವರೆಗೆ ತೂರಿಸಿ, ಭಾರವನ್ನು ಕೈಗೆ ತೆಗೆದುಕೊಂಡ ಮೇಲೆಯೇ ಕೋನನ್ನು ಸರಳಿಗೆ ಕಚ್ಚಿಸಿದ ಎರಡು ಸ್ಕ್ರೂಗಳನ್ನು ಸಡಿಲಿಸುತ್ತಾನೆ. ಆಮೇಲೆ ಕಾಲು ಸುತ್ತು ಇಳಿಸು, ಇನ್ನೊಂದು ಸಲಾಕೆ ತೂರಿಸು, ಮೊದಲನೆಯದು ತೆಗೆ, ಮತ್ತೆ ಕಾಲು ಸುತ್ತು. ಹೀಗೆ ಮೂವತ್ತರ ಆಸುಪಾಸು. ಮುಖ, ಎದೆ ಯಾವಾಗಲೂ ಸಲಾಕೆಯ ದಾರಿಯಿಂದ ಪಕ್ಕಕ್ಕೆ.

ಬಿಗಿ ಇಳಿದ ಮೇಲಿನದೆಲ್ಲ ಸಾದಾ ಸ್ಪ್ಯಾನರ್ ಕೆಲಸ. ನಡುವಿನ ಬ್ರ್ಯಾಕೆಟ್ಟಿನ ನಟ್ಟು ಬಿಚ್ಚಿ, ಡ್ರಮ್ ಸಡಿಲಿಸಿ, ಹಳೆಯದನ್ನು ಸರಿಸಿ ತೆಗೆದು ಹೊಸದನ್ನು ಪೋಣಿಸುವುದು. ಇಲ್ಲಿ ಎಡ ಬಲ ಅದಲು ಬದಲಾಗಬಾರದು. ಎರಡು ಸ್ಪ್ರಿಂಗುಗಳ ಸುತ್ತು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಅದಕ್ಕೇ ಕೋನುಗಳಿಗೆ ಕೆಂಪು, ಕಪ್ಪು ಬಣ್ಣ ಬಳಿದಿರುತ್ತಾರೆ.

ಸುತ್ತುವ ಮೊದಲು ಸ್ಪ್ರಿಂಗಿನ ಉದ್ದಕ್ಕೂ ಸೀಮೆಸುಣ್ಣದ ಒಂದು ಗೆರೆ. ಸುತ್ತಿದಂತೆ ಆ ಗೆರೆ ಬಳ್ಳಿಯಾಗಿ ಸ್ಪ್ರಿಂಗನ್ನು ಹಬ್ಬುತ್ತದೆ. ಎಷ್ಟು ಸುತ್ತು ಹಬ್ಬಿತು ಎಂದು ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ. 7 ಅಡಿಯ ಬಾಗಿಲಿಗೆ ಸುಮಾರು ಏಳೂವರೆ ಸುತ್ತು. ಬಾಗಿಲು ಏರಲು ಬೇಕಾಗುವುದು ಆರೂಮುಕ್ಕಾಲು ಸುತ್ತಿನಷ್ಟೇ. ಉಳಿದ ಮುಕ್ಕಾಲು ಸುತ್ತು ಬಾಗಿಲು ಮೇಲಿರುವಾಗಲೂ ಕೇಬಲ್ ಸಡಿಲವಾಗಿ ಡ್ರಮ್ಮಿನಿಂದ ಜಾರದಂತೆ ಹಿಡಿದಿರಲಿಕ್ಕೆ.

ಕೊನೆಗೆ ಪರೀಕ್ಷೆ. ಪ್ಲೈಯರ್ ತೆಗೆದು, ಮೋಟರಿನ ಸಂಪರ್ಕವಿಲ್ಲದೆ ಬಾಗಿಲನ್ನು ಕೈಯಿಂದ ಸೊಂಟದೆತ್ತರಕ್ಕೆ ಎತ್ತಿ ಮೆಲ್ಲಗೆ ಬಿಡುವುದು. ನಿಂತರೆ ಕೆಲಸ ಸರಿ. ಇಳಿದರೆ ಬಲ ಸಾಲದು, ಏರಿದರೆ ಹೆಚ್ಚಾಯಿತು.

ಮೋಸ ಮಾಡುವ ಹಗುರ

ವೀಡಿಯೋ ನೋಡಿ ಮನೆಯಲ್ಲೇ ಮಾಡಬಹುದೇ? ಅಮೆರಿಕದಲ್ಲಿ ಎಷ್ಟೋ ಜನ ಮಾಡುತ್ತಾರೆ. ಪ್ರಾಣಕ್ಕೇ ಸಂಚಕಾರ ಎಂದು ಹೆದರಿಸುವವರು ಒಂದು ಕಡೆ, ಅರ್ಧ ಗಂಟೆಯ ಕೆಲಸ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ.

ಲೆಕ್ಕ ನೋಡಿ. 80 ಕಿಲೋ ಬಾಗಿಲಿಗೆ ಒಂದೇ ಸ್ಪ್ರಿಂಗ್ ಇದ್ದರೂ ಹದಿನೆಂಟು ಇಂಚಿನ ಸಲಾಕೆಯ ತುದಿಯಲ್ಲಿ ಕೈಗೆ ಬೀಳುವ ಭಾರ ಸುಮಾರು 9 ಕಿಲೋ. ಒಂದು ಕೊಡ ನೀರಿಗಿಂತ ಕಡಿಮೆ! ‘ಇಷ್ಟೇನಾ?’ ಅನ್ನಿಸುತ್ತದೆ. ಅಪಾಯ ಇರುವುದು ಹಾಗನ್ನಿಸುವುದರಲ್ಲೇ. ಸಲಾಕೆ ಬದಲು ಕೈಗೆ ಸಿಕ್ಕ ಸ್ಕ್ರೂಡ್ರೈವರ್ ತೂರಿಸಿದವರಿಗೆ ಎರಡು ಕೇಡು: ಅದು ಗಿಡ್ಡ, ಹಾಗಾಗಿ ಭಾರ ದುಪ್ಪಟ್ಟಿಗೂ ಹೆಚ್ಚು, ತೂತಿಗಿಂತ ಸಣ್ಣ, ಹಾಗಾಗಿ ಜಾರುತ್ತದೆ. ಜಾರಿದರೆ ಏಳು ಸುತ್ತಿನ ಶಕ್ತಿಯೆಲ್ಲ ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಬೆರಳು, ಹಲ್ಲು, ಮಣಿಕಟ್ಟು ಹೋಗುವುದು ಆ ಗಳಿಗೆಯಲ್ಲಿ.

ಇನ್ನೊಂದು ಜಾಗ ಬಾಗಿಲಿನ ಕೆಳಮೂಲೆಯ ಬ್ರ್ಯಾಕೆಟ್. ನೋಡಲು ನಾಲ್ಕು ಸ್ಕ್ರೂಗಳ ಸಾಮಾನ್ಯ ತಗಡು. ಕೇಬಲ್ ಕಟ್ಟಿರುವುದು ಅದಕ್ಕೇ. ಸ್ಪ್ರಿಂಗ್ ಬಿಗಿಯಾಗಿದ್ದಾಗ ಅದನ್ನು ಬಿಚ್ಚಿದರೆ ಅರ್ಧ ಬಾಗಿಲಿನ ಭಾರ ಎತ್ತುವ ಬಲ ಆ ತಗಡಿನ ತುಂಡನ್ನು ಹೊತ್ತು ಹಾರುತ್ತದೆ. ಸಲಾಕೆ ಹಿಡಿದು ಅಭ್ಯಾಸವಿಲ್ಲದವರು, ಏಣಿಯ ಮೇಲೆ ಕಾಲು ನಡುಗುವವರು ಕೆಲಸಗಾರರನ್ನು ಕರೆಯುವುದೇ ಲೇಸು. ಕೂಲಿ ಉಳಿಸಲು ಬೇರೆ ಎಷ್ಟೋ ಕೆಲಸಗಳಿವೆ.

> ಕೆಂಪು ಹಗ್ಗ ಎಳೆಯುವ ಮುನ್ನ
> ಮೋಟರಿನಿಂದ ಬಾಗಿಲನ್ನು ಬೇರ್ಪಡಿಸಲು ಮೇಲಿನಿಂದ ಕೆಂಪು ಹಗ್ಗ ನೇತಾಡುತ್ತಿರುತ್ತದೆ. ಕರೆಂಟ್ ಹೋದಾಗ ಉಪಯೋಗಕ್ಕೆ. ಸ್ಪ್ರಿಂಗ್ ಮುರಿದು ಬಾಗಿಲು ಮೇಲೆ ನಿಂತಿದ್ದರೆ ಆ ಹಗ್ಗ ಮುಟ್ಟಬೇಡಿ. ಬಾಗಿಲನ್ನು ಆಗ ಹಿಡಿದಿರುವುದು ಮೋಟರ್ ಒಂದೇ. ಬಿಟ್ಟರೆ ಪೂರ್ತಿ ಭಾರ ಧೊಪ್ಪನೆ ಕೆಳಗೆ.

> ಮಕ್ಕಳಿಗಾಗಿ ಬಂದ ಕಣ್ಣು
> ಮುಚ್ಚುವ ಬಾಗಿಲಡಿ ಮಕ್ಕಳು ಸಿಕ್ಕಿ ಸತ್ತ ಪ್ರಕರಣಗಳ ನಂತರ ಅಮೆರಿಕದ ಸಂಸತ್ತು 1990ರಲ್ಲಿ ಕಾನೂನು ತಂದಿತು. 1993ರ ಜನವರಿ 1ರಿಂದ ತಯಾರಾದ ಮೋಟರುಗಳಿಗೆ, ಅಡ್ಡ ಬಂದವರನ್ನು ಗುರುತಿಸಿ ಬಾಗಿಲನ್ನು ಹಿಂದಿರುಗಿಸುವ ವ್ಯವಸ್ಥೆ ಕಡ್ಡಾಯವಾಯಿತು. ನೆಲದಿಂದ 6 ಇಂಚಿನೊಳಗೆ ಕೂತ ಜೋಡಿ ‘ಕಣ್ಣು’ಗಳು ಅದರ ಫಲ.

0.18 ಮಿಲಿಮೀಟರಿನ ವ್ಯತ್ಯಾಸ

ಕೆಲಸ ಯಾರೇ ಮಾಡಲಿ, ಅಳತೆ ಮನೆಯವರಿಗೂ ತಿಳಿದಿರಬೇಕು. ಸ್ಪ್ರಿಂಗಿಗೆ ನಾಲ್ಕು ಗುಣ: ತಂತಿಯ ದಪ್ಪ, ಒಳವ್ಯಾಸ, ಸುತ್ತದೆ ಇದ್ದಾಗಿನ ಉದ್ದ, ಸುತ್ತಿನ ದಿಕ್ಕು. ನಾಲ್ಕರಲ್ಲಿ ತಂತಿಯ ದಪ್ಪವೇ ಅಧಿಕಾರಿ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಮೆರಿಕದ ಅಂಗಡಿಗಳಲ್ಲಿ 0.243 ಇಂಚು, 0.250 ಇಂಚು ಎರಡೂ ಸಿಗುತ್ತವೆ. ಅಂತರ 0.18 ಮಿಲಿಮೀಟರ್, ಕಣ್ಣಿಗೆ ಕಾಣದಷ್ಟು. ಆದರೆ ಬಲದಲ್ಲಿ ಶೇಕಡ 12ರಷ್ಟು ಹೆಚ್ಚು. 80 ಕಿಲೋ ಬಾಗಿಲಲ್ಲಿ 9 ಕಿಲೋ ಮೇಲಿನ ಎಡವಟ್ಟು ಅದು. ದಿನವೂ ಆ 9 ಕಿಲೋವನ್ನು ಮೋಟರ್ ಎಳೆದಾಡಿ, ಕೊನೆಗೆ ಒಳಗಿನ ಗೇರಿನ ಹಲ್ಲು ಉದುರಿಸಿಕೊಳ್ಳುತ್ತದೆ. ಜನ ಆಗ ಮೋಟರ್ ಕಂಪನಿಯನ್ನು ಬಯ್ಯುತ್ತಾರೆ.

ಅಷ್ಟು ಸೂಕ್ಷ್ಮ ಅಳೆಯುವುದು ಹೇಗೆ? ಒಂದು ಸುರುಳಿಯನ್ನಲ್ಲ, ಒತ್ತಾಗಿ ಕೂತ ಇಪ್ಪತ್ತು ಸುರುಳಿಗಳನ್ನು ಒಟ್ಟಿಗೆ ಅಳೆಯಬೇಕು. ಒಂದರಲ್ಲಿ ಇಪ್ಪತ್ತು ಸುರುಳಿಗೆ ಸರಿಯಾಗಿ 5 ಇಂಚು ಬಂದರೆ, ಇನ್ನೊಂದರಲ್ಲಿ ಅದಕ್ಕಿಂತ ಮೂರು ಮಿಲಿಮೀಟರಿಗೂ ಮಿಕ್ಕಿ ಕಡಿಮೆ ಬರುತ್ತದೆ. ಅಷ್ಟಾದರೆ ಟೇಪಿನಲ್ಲೇ ಕಾಣುತ್ತದೆ.

ಒಂದು ಮುರಿದರೆ ಎರಡನ್ನೂ ಬದಲಿಸಿ ಎಂಬ ಮಾತನ್ನು ವ್ಯಾಪಾರದ ತಂತ್ರ ಎಂದುಕೊಳ್ಳಬೇಡಿ. ಎರಡೂ ಒಂದೇ ದಿನ ಹುಟ್ಟಿ, ಒಂದೇ ಲೆಕ್ಕದಲ್ಲಿ ದುಡಿದವು. ಉಳಿದದ್ದಕ್ಕೂ ಹೆಚ್ಚು ದಿನವಿಲ್ಲ. ಎಚ್ಚರ ಬೇಕಾದದ್ದು ಬೇರೆ ಕಡೆ. ವಿಸಿಟಿಂಗ್ ಚಾರ್ಜ್ ಅತಿ ಅಗ್ಗ ಎಂದು ಜಾಹೀರಾತು ಕೊಟ್ಟು, ಬಂದ ಮೇಲೆ ಗಾಲಿ, ಕೇಬಲ್, ಡ್ರಮ್ ಎಲ್ಲ ಹೋಗಿದೆ ಎಂದು ಬಿಲ್ಲು ಏರಿಸುವವರಿದ್ದಾರೆ. ‘ಜೀವಮಾನದ ಗ್ಯಾರಂಟಿ’ ಎನ್ನುವುದು ಬಹಳ ಸಲ ಸ್ಪ್ರಿಂಗಿಗೆ ಮಾತ್ರ. ಮುಂದಿನ ಸಲ ಬಂದು ಹಾಕುವ ಕೂಲಿ ಬೇರೆ. ಒಟ್ಟು ಎಷ್ಟು, ತಂತಿ ಯಾವ ದಪ್ಪದ್ದು, ಎಷ್ಟು ಆವರ್ತದ ಬಾಳಿಕೆಯದು ಎಂದು ಫೋನಿನಲ್ಲೇ ಕೇಳಿ. ಉತ್ತರ ಕೊಡದವರನ್ನು ಕರೆಯಬೇಡಿ.

ನಾನಾದರೆ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಇನ್ನೂ ದಪ್ಪ ತಂತಿಯ, ಉದ್ದನೆಯ ಸ್ಪ್ರಿಂಗ್ ನನ್ನ ಸರಳಿಗೆ ಹಿಡಿಸುತ್ತದೆಯೇ? ತಂತಿಯನ್ನು ಹತ್ತು ಶೇಕಡ ದಪ್ಪ ಮಾಡಿ, ಬಲ ಮೊದಲಿನಷ್ಟೇ ಇರುವಂತೆ ಸುರುಳಿಗಳ ಸಂಖ್ಯೆಯನ್ನು ಒಂದೂವರೆಪಟ್ಟಿನ ಹತ್ತಿರ ಏರಿಸಿದರೆ ತಂತಿಯ ಮೇಲಿನ ಒತ್ತಡ ಕಾಲು ಭಾಗ ತಗ್ಗುತ್ತದೆ. ಬಾಳಿಕೆ 10,000ದಿಂದ ಎಷ್ಟೋ ಮೇಲಕ್ಕೆ ಹೋಗುತ್ತದೆ. ಕೂಲಿ ಅಷ್ಟೇ, ಉಕ್ಕಿಗೆ ಸ್ವಲ್ಪ ಹೆಚ್ಚು ದುಡ್ಡು. ಗರಾಜನ್ನೇ ಹೆಬ್ಬಾಗಿಲು ಮಾಡಿಕೊಂಡ ಮನೆಗೆ ಇದಕ್ಕಿಂತ ಲಾಭದ ಖರ್ಚಿಲ್ಲ.

ಆಮೇಲೆ ಉಳಿಯುವುದು ಒಂದಿಷ್ಟು ಆರೈಕೆ. ವರ್ಷಕ್ಕೆ ಒಂದೆರಡು ಸಲ, ತುಕ್ಕು ಹಿಡಿಯದಂತೆ ಸುರುಳಿಗಳ ಮೇಲೆ ತೆಳುವಾಗಿ ಎಣ್ಣೆಯ ಸ್ಪ್ರೇ. ತಿಂಗಳಿಗೊಮ್ಮೆ ಸೊಂಟದೆತ್ತರದ ಪರೀಕ್ಷೆ. ಅದಕ್ಕೂ ಬಾಗಿಲನ್ನು ಮುಚ್ಚಿಯೇ ಕೆಂಪು ಹಗ್ಗ ಎಳೆಯಬೇಕು. ಸ್ಪ್ರಿಂಗ್ ಹಾಕಿದ ದಿನ ತಾರೀಖು, ತಂತಿಯ ದಪ್ಪ, ಒಳವ್ಯಾಸ, ಉದ್ದ ಎಲ್ಲವನ್ನೂ ಬಾಗಿಲಿನ ಒಳಮೈ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ಮನೆ ಮಾರಿ ಹೋದರೆ ಮುಂದೆ ಕೊಂಡವರಿಗಾದರೂ ಟೇಪು ಹಿಡಿದು ಇಪ್ಪತ್ತು ಸುರುಳಿ ಎಣಿಸುವ ಕೆಲಸ ತಪ್ಪುತ್ತದೆ.